ದೇವರ ಜಗಲಿಯ ಮೇಲಿದ್ದ ಕ್ಯಾಪ್ಸೂಲ್

1987ರಲ್ಲಿ ನಾನು ಔರಂಗಾಬಾದಿನ ಒಂದು ಧರ್ಮಾರ್ಥ ಆಸ್ಪತ್ರೆಯಲ್ಲಿ ಪ್ಯಾಥಾಲಜಿಸ್ಟ್ ಆಗಿದ್ದೆ. ಊರಿಗೆ ಈಗ ಛತ್ರಪತಿ ಸಂಭಾಜಿನಗರ ಎಂದು ಹೆಸರು. ನನ್ನ ನೆನಪಿನಲ್ಲಿ ಅದಿನ್ನೂ ಹಳೆಯ ಹೆಸರಿನಲ್ಲೇ ಇದೆ. ನನ್ನ ಯಜಮಾನರು ಬ್ಯಾಂಕಿನವರು. ಕಲಬುರ್ಗಿ ಬಿಟ್ಟ ಮೇಲೆ ಅವರಿಗೆ ವರ್ಗವಾದಲ್ಲೆಲ್ಲ ನಾನೂ ಹೋಗಿ, ಬಾಡಿಗೆ ಮನೆಗಿಂತ ಮೊದಲು ಒಂದು ಮೈಕ್ರೋಸ್ಕೋಪ್ ಹುಡುಕಿಕೊಳ್ಳುತ್ತಿದ್ದೆ. ಪ್ಯಾಥಾಲಜಿಸ್ಟ್ ಅಂದರೆ ರೋಗಿಯ ಮುಖಕ್ಕಿಂತ ರೋಗಿಯ ರಕ್ತವನ್ನು ಹೆಚ್ಚು ನೋಡುವ ಡಾಕ್ಟರು. ಆ ಕೆಲಸ ನನ್ನ ಸ್ವಭಾವಕ್ಕೆ ಸರಿಹೊಂದಿತ್ತು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ; ರಕ್ತಕಣಗಳು ಅದಕ್ಕೆಲ್ಲ ಬೇಜಾರು ಮಾಡಿಕೊಳ್ಳುವುದಿಲ್ಲ.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಕಾಶಪ್ಪ ಎಂಬ ವ್ಯಾಪಾರಿಯ ರಕ್ತ ನನ್ನ ಮೇಜಿಗೆ ಬಂತು. ಮೂಲ ಬೀದರ್ ಜಿಲ್ಲೆಯ ಭಾಲ್ಕಿ ಕಡೆ. ಮೊಂಢಾದಲ್ಲಿ, ಅಂದರೆ ಅಲ್ಲಿಯ ಧಾನ್ಯದ ಪೇಟೆಯಲ್ಲಿ, ತೊಗರಿ-ಕಡಲೆಯ ಸಗಟು ವ್ಯಾಪಾರ. ಅರವತ್ತು ದಾಟಿದ ಗಟ್ಟಿ ಆಳು. ಎಡಪಕ್ಕೆಯಲ್ಲಿ ಭಾರ, ಮೈಯೆಲ್ಲ ಬೆವರು, ಧೋತರ ಸಡಿಲಾಗುತ್ತಿದೆ ಎಂದು ತೋರಿಸಿಕೊಳ್ಳಲು ಬಂದಿದ್ದರು. ಆರೋಗ್ಯವಂತರ ರಕ್ತದ ಒಂದು ಘನ ಮಿಲಿಮೀಟರಿನಲ್ಲಿ ನಾಲ್ಕರಿಂದ ಹನ್ನೊಂದು ಸಾವಿರ ಬಿಳಿ ಕಣಗಳಿರುತ್ತವೆ. ಇವರದರಲ್ಲಿ ಒಂದೂಮುಕ್ಕಾಲು ಲಕ್ಷ ಇದ್ದವು. ಕ್ರಾನಿಕ್ ಮೈಲಾಯ್ಡ್ ಲ್ಯುಕೀಮಿಯಾ ಎಂದು ಬರೆದೆ. ಅದು ನಿಧಾನವಾಗಿ ಬೆಳೆಯುವ ರಕ್ತದ ಕ್ಯಾನ್ಸರ್. ಆಗಿನ ಕಾಲಕ್ಕೆ ಅದನ್ನು ಗುಣಪಡಿಸುವ ಔಷಧ ನಮ್ಮ ಕೈಯಲ್ಲಿರಲಿಲ್ಲ, ಆದರೆ ಹತೋಟಿಯಲ್ಲಿಟ್ಟರೆ ಮನುಷ್ಯ ಕೆಲವು ವರ್ಷ ಅಂಗಡಿ ನೋಡಿಕೊಂಡು ಬಾಳಬಹುದಿತ್ತು.

ನಮ್ಮ ಫಿಜಿಶಿಯನ್ ಡಾ. ಜೋಶಿ ಹೈಡ್ರಾಕ್ಸಿಯೂರಿಯಾ ಎಂಬ ಕ್ಯಾಪ್ಸೂಲ್ ಬರೆದರು, ದಿನಕ್ಕೆ ಎರಡು. ಒಂದು ಕಣ ಒಡೆದು ಎರಡಾಗಲು ಹೊಸ ಡಿಎನ್‌ಎ ಬೇಕು. ಈ ಔಷಧ ಆ ತಯಾರಿಕೆಗೇ ಅಡ್ಡಗಾಲು ಹಾಕುತ್ತದೆ. ರಕ್ತ ಹುಟ್ಟುವುದು ಮೂಳೆಯೊಳಗಿನ ಮಜ್ಜೆಯಲ್ಲಿ. ಹುಚ್ಚು ಹಿಡಿದು ಬೆಳೆಯುವ ಮಜ್ಜೆಗೆ ಇದು ಲಗಾಮು. ಮಜ್ಜೆ ಸರಿಯಾಗಿದ್ದರೂ ಅದಕ್ಕೂ ಲಗಾಮೇ, ಅದಕ್ಕೆ ಒಳ್ಳೆಯದು ಕೆಟ್ಟದ್ದು ಗೊತ್ತಾಗುವುದಿಲ್ಲ. ಆದ್ದರಿಂದಲೇ ತಿಂಗಳಿಗೊಮ್ಮೆ ರಕ್ತದ ಎಣಿಕೆ ಕಡ್ಡಾಯ. ಊರಿನ ಅಂಗಡಿಗಳಲ್ಲಿ ಔಷಧ ಸಿಗುತ್ತಿರಲಿಲ್ಲ, ಬಾಂಬೆಯಿಂದ ತರಿಸಬೇಕಿತ್ತು.

ರಿಪೋರ್ಟ್ ಕೊಟ್ಟ ಮರುದಿನ ಕಾಶಪ್ಪನವರ ಒಬ್ಬನೇ ಮಗ ಸೋಮನಾಥ ಲ್ಯಾಬಿಗೆ ನುಗ್ಗಿದ. ಮೂವತ್ತರ ಆಸುಪಾಸಿನವನು. ಕೂರು ಎನ್ನುವ ಮೊದಲೇ ಕೂತ.

"ಮೇಡಂ, ನೀವು ಕನ್ನಡದವರು ಅಂತ ಬಂದೀನಿ. ಈ ರಿಪೋರ್ಟಿನ್ಯಾಗ ಲ್ಯುಕೀಮಿಯಾ ಅಂತ ಬರದೀರಿ. ಆ ಶಬ್ದ ತೆಗೀರಿ."

"ಶಬ್ದ ತಗದ್ರ ರೋಗ ಹೋಗ್ತದೇನು?"

"ನಮ್ಮಪ್ಪಗ ಗೊತ್ತಾಗಬಾರದು. ನಮ್ಮ ದೊಡ್ಡಪ್ಪ ಕ್ಯಾನ್ಸರ್ ಅಂತ ಕೇಳಿದ ದಿನಾನೇ ಊಟ ಬಿಟ್ಟ. ಅವ ರೋಗಕ್ಕ ಸಾಯಲಿಲ್ರಿ, ಶಬ್ದಕ್ಕ ಸತ್ತ."

ಆ ಮಾತಿನಲ್ಲಿ ನಿಜವಾದ ಭಯವಿತ್ತು, ಅದನ್ನು ಇಲ್ಲವೆನ್ನಲಾರೆ. ಆದರೆ ಅಷ್ಟಕ್ಕೆ ಅವನು ನಿಲ್ಲಲಿಲ್ಲ. ಆಸ್ಪತ್ರೆಯ ಟ್ರಸ್ಟಿನವರೆಲ್ಲ ತನಗೆ ಪರಿಚಯ ಎಂದು ಸೇರಿಸಿದ. ಹಾಗಾದರೆ ರಿಪೋರ್ಟನ್ನೂ ಅವರ ಕೈಲೇ ಬರೆಸಿಕೊಳ್ಳಿ ಎಂದು ನಾನು ಮೈಕ್ರೋಸ್ಕೋಪಿಗೆ ಕಣ್ಣು ಹಚ್ಚಿದೆ. ನಮ್ಮ ದ್ವೇಷ ಆ ದಿನವೇ ಶುರುವಾಯಿತು.

ಡಾ. ಜೋಶಿ ಮಗನ ಕಡೆ ವಾಲಿದರು. ಎಲ್ಲ ಮನೆಗಳಲ್ಲೂ ಹೀಗೇ ನಡೆಯುತ್ತದೆ, ರೋಗಿಗೆ ಧೈರ್ಯ ಮುಖ್ಯ ಎಂದರು. ರೋಗಿ ನುಂಗುವುದು ಧೈರ್ಯವನ್ನಲ್ಲ, ಔಷಧವನ್ನು. ಏನು ನುಂಗುತ್ತಿದ್ದೇನೆ ಎಂದು ಆತನಿಗೆ ತಿಳಿದಿರಬೇಕು ಎಂದು ನಾನು ವಾದಿಸಿದೆ. "ನಿಮ್ಮ ಕೆಲಸ ಸ್ಲೈಡ್ ನೋಡುವುದು, ಮೇಡಂ" ಎಂದು ಅವರು ಮಾತು ಮುಗಿಸಿದರು. ಸೋಮನಾಥ ತಂದೆಗೆ ಹೇಳಿದ್ದು ಇಷ್ಟು: ರಕ್ತ ಕಡಿಮೆಯಾಗಿದೆ, ಇದು ರಕ್ತಕ್ಕೆ ತಾಕತ್ತು ಕೊಡುವ ಗುಳಿಗೆ, ಬಾಂಬೆಯ ಮಾಲು. ಹೆಸರು ಕಾಣಬಾರದೆಂದು ಕ್ಯಾಪ್ಸೂಲುಗಳನ್ನೆಲ್ಲ ಒಂದು ಸ್ಟೀಲಿನ ಡಬ್ಬಿಗೆ ಸುರಿದುಕೊಟ್ಟಿದ್ದ.

ಕಾಶಪ್ಪನವರು ಪ್ರತಿ ತಿಂಗಳೂ ಬೆರಳು ಚಾಚಿಕೊಂಡು ನನ್ನೆದುರು ಕೂರುತ್ತಿದ್ದರು. ಮಗ ಬೆನ್ನ ಹಿಂದೆಯೇ ನಿಂತಿರುತ್ತಿದ್ದ, ತಂದೆಯನ್ನು ನನ್ನ ಜೊತೆ ಒಂದು ನಿಮಿಷವೂ ಬಿಡುತ್ತಿರಲಿಲ್ಲ. ಅವರು ಕೇಳಿದ್ದರೆ ನಾನು ಹೇಳುತ್ತಿದ್ದೆ. ಅವರು ಕೇಳಲಿಲ್ಲ. ಕೇಳುವಂಥ ಸಂಶಯವೇ ಆ ಮನುಷ್ಯನಿಗಿರಲಿಲ್ಲ.

"ಡಾಕ್ಟರ್ ಬಾಯಿ, ಭಾಳ ರಕ್ತ ತಗೀಬ್ಯಾಡ್ರಿ. ಮಗ ಬಾಂಬೆದಿಂದ ತಾಕತ್ತು ತರಸ್ತಾನ, ನೀವು ಇಲ್ಲಿ ಕುಂತು ಅದನ್ನ ಹೀರ್ಕೋತೀರಿ" ಎಂದು ನಗಿಸುತ್ತಿದ್ದರು. ಹೆಂಗಸರನ್ನು ಮರ್ಯಾದೆಯಿಂದ ಬಾಯಿ ಎನ್ನುವುದು ಆ ಕಡೆಯ ರೂಢಿ. ಅವರ ಉಗುರುಗಳಲ್ಲಿ ಬುಡದಿಂದ ತುದಿಗೆ ಕಪ್ಪು ಗೆರೆಗಳು ಮೂಡತೊಡಗಿದ್ದವು. ಈ ಔಷಧ ತೆಗೆದುಕೊಳ್ಳುವ ಕೆಲವರಲ್ಲಿ ಹಾಗಾಗುತ್ತದೆ, ಅದರಿಂದ ತೊಂದರೆಯಿಲ್ಲ.

ಮೊದಲ ಕೆಲವು ತಿಂಗಳು ಎಣಿಕೆ ಚೆನ್ನಾಗಿ ಇಳಿಯಿತು, ಆಮೇಲೆ ಮತ್ತೆ ಏರತೊಡಗಿತು. ಜೋಶಿಯವರು ಎರಡನ್ನು ಮೂರು ಮಾಡಿದರು. ಅಷ್ಟಕ್ಕೂ ಬಗ್ಗದಿದ್ದಾಗ ನಾಲ್ಕು ಮಾಡಿದರು. ರೋಗ ಕೆರಳುತ್ತಿದೆಯೋ ಏನೋ ಎಂದು ಅವರಿಗೆ ಚಿಂತೆ. ನನಗೆ ಸೋಮನಾಥನ ಮೇಲೆ ಅನುಮಾನ. ಎಲ್ಲಿಂದಲೋ ನಕಲಿ ಮಾಲು ತರುತ್ತಿದ್ದಾನೆ ಎಂದೇ ತಿಳಿದಿದ್ದೆ, ಅವನ ಮುಖದ ಮೇಲೆ ಹೇಳಿಯೂಬಿಟ್ಟೆ. ಅವನು ಆ ದಿನ ಕುರ್ಚಿ ಒದ್ದು ಎದ್ದುಹೋದ.

1988ರ ಬೇಸಿಗೆಯಲ್ಲಿ ಸೋಮನಾಥನ ಹೆಂಡತಿ ಜಗದೇವಿಯನ್ನು ನಮ್ಮಲ್ಲೇ ದಾಖಲು ಮಾಡಿದರು. ಬಸವಕಲ್ಯಾಣದ ಹುಡುಗಿ, ಮದುವೆಯಾಗಿ ಎರಡು ವರ್ಷ. ಹಿಂದಿನ ವರ್ಷ ಗರ್ಭ ನಿಲ್ಲದೆ ಬಹಳ ರಕ್ತ ಹೋಗಿತ್ತಂತೆ, ಅಂದಿನಿಂದ ಬಿಳಿಚಿಕೊಂಡೇ ಇದ್ದಳು. ಈಗ ಮೈ ಸುಡುವ ಜ್ವರ, ನೀರು ನುಂಗಲೂ ಆಗದಷ್ಟು ಬಾಯಿಹುಣ್ಣು. ಮಾವನಲ್ಲಿ ಲಕ್ಷಗಟ್ಟಲೆ ಇದ್ದ ಬಿಳಿ ಕಣಗಳು ಸೊಸೆಯಲ್ಲಿ ಸಾವಿರದ ನಾನೂರು. ಬಿಳಿ ಕಣಗಳೆಂದರೆ ಮೈಯ ಕಾವಲುಗಾರರು. ಇಷ್ಟು ಕಡಿಮೆಯಾದರೆ ಸಣ್ಣ ಸೋಂಕೂ ಪ್ರಾಣ ತೆಗೆಯಬಹುದು.

ಅವಳ ಅಣ್ಣ ಬಸವಕಲ್ಯಾಣದಿಂದ ಓಡಿ ಬಂದ. ವಾರ್ಡಿನ ಬಾಗಿಲಲ್ಲೇ ಭಾವ-ಮೈದುನರ ಜಗಳ ಹತ್ತಿತು.

"ರೋಗದ ಹುಡುಗಿನ ಮುಚ್ಚಿಟ್ಟು ನಮಗ ಕೊಟ್ರಿ. ನಿಮ್ಮ ಖಾನದಾನಿನ ರಕ್ತನೇ ಸರಿ ಇಲ್ಲ" ಎಂದ ಸೋಮನಾಥ.

"ನಮ್ಮ ಮನ್ಯಾಗಿದ್ದಾಗ ಎರಡು ಕೊಡ ನೀರು ಹೊತ್ತು ಬಾವಿ ಮೆಟ್ಟಲ ಏರ್ತಿದ್ಳು. ನೀವೇನ್ ಮಾಡೀರಿ ಅದನ್ನ ಹೇಳ್ರಿ ಮೊದಲ."

ಜ್ವರ ಇಳಿದ ದಿನವೇ ಕರೆದುಕೊಂಡು ಹೋಗಬೇಕು, ಸೋಡಚೀಟಿ ಕೊಟ್ಟು ಮದುವೆ ಮುರಿದುಕೊಳ್ಳುತ್ತೇನೆ, ಮೊಂಢಾದ ನಮ್ಮ ಸಮಾಜದ ಹಿರಿಯರಿಗೆ ಆಗಲೇ ಹೇಳಿಯಾಗಿದೆ ಎಂದು ಸೋಮನಾಥ ಕೂಗಾಡಿದ. ಜಗದೇವಿ ಒಳಗೆ ಮಂಚದ ಮೇಲೆ ಎಲ್ಲವನ್ನೂ ಕೇಳುತ್ತ ಮಲಗಿದ್ದಳು. ತಾನು ಕಳ್ಳ, ಪರರ ನಂಬ ಎನ್ನುತ್ತಾರೆ. ಸ್ವಂತ ತಂದೆಯ ರೋಗವನ್ನು ಡಬ್ಬಿಯಲ್ಲಿ ಮುಚ್ಚಿಟ್ಟವನು ಬೇರೆಯವರು ಮುಚ್ಚಿಟ್ಟರೆಂದು ಅರಚುವುದನ್ನು ಕಂಡು ನನ್ನ ಮೈಯೆಲ್ಲ ಉರಿದುಹೋಯಿತು.

ಜೋಶಿಯವರು ಮಜ್ಜೆ ತೆಗೆಸಿದರು. ಅದು ಬರಿದಾಗುತ್ತಿತ್ತು. ಏಪ್ಲಾಸ್ಟಿಕ್ ಅನೀಮಿಯಾ, ಅಂದರೆ ಮಜ್ಜೆ ತಾನಾಗಿ ಬತ್ತಿಹೋಗುವ ಕಾಯಿಲೆ ಇರಬಹುದೆಂದರು. ಹಾಗಾಗಿದ್ದರೆ ಆಗ ನಮ್ಮಂಥ ಆಸ್ಪತ್ರೆಯಲ್ಲಿ ಬದುಕುವ ದಾರಿ ಹೆಚ್ಚು ಇರಲಿಲ್ಲ. ಕೆಲವು ಔಷಧಗಳಿಂದಲೂ ಮಜ್ಜೆ ಸೊರಗುವುದುಂಟು. ಅದಕ್ಕೇ ಜೋಶಿಯವರೂ ನರ್ಸುಗಳೂ ನಾನೂ ಮತ್ತೆ ಮತ್ತೆ ಕೇಳಿದೆವು, ಏನಾದರೂ ಔಷಧ ತೆಗೆದುಕೊಂಡಿದ್ದೀಯಾ? ಇಲ್ಲ ಎಂದು ತಲೆಯಾಡಿಸಿದಳು. ರಕ್ತ ಕೊಟ್ಟರೂ, ಆ್ಯಂಟಿಬಯಾಟಿಕ್ ಕೊಟ್ಟರೂ, ನಮ್ಮ ಕಣ್ಣೆದುರೇ ಎಣಿಕೆ ಸಾವಿರಕ್ಕೆ ಇಳಿಯಿತು, ಆಮೇಲೆ ಎಂಟುನೂರಕ್ಕೆ. ಒಂದು ವಿಚಿತ್ರವೆಂದರೆ ಅವಳ ಕೆಂಪು ಕಣಗಳು ಉಬ್ಬಿ ದೊಡ್ಡವಾಗಿದ್ದವು. ಫೋಲಿಕ್ ಆಮ್ಲದ ಕೊರತೆ ಇದ್ದರೆ ಹಾಗಾಗುತ್ತದೆ. ಅದನ್ನೂ ಕೊಟ್ಟು ನೋಡಿದರು, ಏನೂ ಆಗಲಿಲ್ಲ.

ಒಂದು ಬೆಳಿಗ್ಗೆ ನಮ್ಮ ಟೆಕ್ನಿಶಿಯನ್ ರಜೆ ಹಾಕಿದ್ದ. ರಕ್ತ ತೆಗೆಯಲು ನಾನೇ ವಾರ್ಡಿಗೆ ಹೋದೆ. ಜಗದೇವಿಯ ಉಂಗುರದ ಬೆರಳನ್ನು ಹತ್ತಿಯಿಂದ ಒರೆಸುವಾಗ ಉಗುರು ಕಣ್ಣಿಗೆ ಬಿತ್ತು. ಬುಡದಿಂದ ತೆಳ್ಳಗೆ ಒಂದು ಕಪ್ಪು ಗೆರೆ. ಬೇರೆ ಬೆರಳುಗಳನ್ನು ನೋಡಿದೆ, ಅಲ್ಲೂ ಇತ್ತು. ಈ ಗೆರೆಯನ್ನು ನಾನು ತಿಂಗಳು ತಿಂಗಳೂ ನೋಡುತ್ತಿದ್ದೆ; ಅದನ್ನು ಮೂಡಿಸುವ ಔಷಧವೇ ಕೆಂಪು ಕಣಗಳನ್ನೂ ಉಬ್ಬಿಸುತ್ತದೆ. ಮಾವ-ಸೊಸೆಗೆ ರಕ್ತಸಂಬಂಧವಿಲ್ಲ, ಆದರೆ ಉಗುರು ಮಾತ್ರ ಒಂದೇ.

ಮಂಚದ ಅಂಚಿಗೆ ಕೂತು, ಔಷಧ ಎಂಬ ಮಾತನ್ನೇ ಬಿಟ್ಟು, ಬೇರೆ ಥರ ಕೇಳಿದೆ.

"ಮುಂಜಾನಿ ಎದ್ದಕೂಡ್ಲೆ ಬಾಯಾಗ ಏನೇನ್ ಹೋಗ್ತದ, ಒಂದೊಂದಾಗಿ ಹೇಳವ್ವ."

ಬಾಯಿಹುಣ್ಣಿನಿಂದ ಅವಳ ಮಾತು ತಡೆತಡೆದು ಬಂತು. "ಜಳಕ ಆದಮ್ಯಾಲ ಮಾವನೋರು ಪೂಜಾ ಮಾಡ್ತಾರ್ರಿ. ನಂಗ ಇಭೂತಿ ಹಚ್ತಾರ. ಪ್ರಸಾದ ಕೊಡ್ತಾರ. ಆಮ್ಯಾಲ ಚಹಾ."

"ಏನ್ ಪ್ರಸಾದ?"

"ಜಗಲಿ ಮ್ಯಾಲಿಂದು. ಸಕ್ರಿ, ಮತ್ತ ಅವರ ತಾಕತ್ತಿನ ಗುಳಗಿ."

"ಇಲ್ಲಿಗೆ ಬಂದಮ್ಯಾಲೂ?"

"ದಿನಾ ತರ್ತಾರ್ರಿ. ಮೊದಲ ಒಂದ ಕೊಡ್ತಿದ್ರು, ಈಗ ಎರಡ."

ನಮ್ಮ ಕಡೆ ಜಗಲಿ ಎಂದರೆ ಮನೆಯೊಳಗೆ ದೇವರನ್ನಿಡುವ ಕಟ್ಟೆ. ಮಗ ಅಷ್ಟು ಕಾಳಜಿಯಿಂದ ತರಿಸಿದ ವಸ್ತುವೆಂದು ಕಾಶಪ್ಪನವರು ಆ ಡಬ್ಬಿಯನ್ನು ಜಗಲಿಯ ಮೇಲೆ ಇಟ್ಟಿದ್ದರು. ಲಿಂಗಪೂಜೆ ಮುಗಿಸಿ ತಾವು ಒಂದು ನುಂಗುತ್ತಿದ್ದರು. ಎದುರಿಗೆ ಬಿಳಿಚಿಕೊಂಡ ಸೊಸೆ ನಿಂತಿರುತ್ತಿದ್ದಳು. ರಕ್ತ ಕಳೆದುಕೊಂಡವಳು ಅವಳು, ತಾಕತ್ತು ಬೇಕಾದದ್ದು ತನಗಿಂತ ಅವಳಿಗೆ ಎಂದು ಅವರಿಗೆ ತೋರಿತು. ಕೆಲವು ತಿಂಗಳಾದ ಮೇಲೆ ತಮ್ಮ ಪಾಲಿನ ಇನ್ನೊಂದನ್ನು ಅವಳಿಗೆ ಕೊಡತೊಡಗಿದ್ದರು; ಅವರ ಎಣಿಕೆ ಮತ್ತೆ ಏರಿದ್ದೂ ಅದಕ್ಕೇ. ಮಗನಿಗೆ ಗೊತ್ತಾದರೆ ಬೈಯುತ್ತಾನೆ, ಹೇಳಬೇಡ ಎಂದಿದ್ದರಂತೆ. ಜೋಶಿಯವರು ಗುಳಿಗೆ ಹೆಚ್ಚಿಸಿದಾಗ ಅವರಿಗೆ ಖುಷಿಯೇ, ಕೊಡಲು ಇನ್ನೊಂದು ಸಿಕ್ಕಿತಲ್ಲ. ವಿಭೂತಿ ಹಚ್ಚಿ ಹಿರಿಯರು ಜಗಲಿಯಿಂದ ತೆಗೆದುಕೊಟ್ಟದ್ದನ್ನು ಯಾವ ಸೊಸೆಯೂ ಇದೇನು ಎಂದು ಕೇಳುವುದಿಲ್ಲ, ಅದನ್ನು ಔಷಧ ಎನ್ನುವುದೂ ಇಲ್ಲ. ಜಗದೇವಿ ನಮಗೆ ಒಂದು ಸುಳ್ಳನ್ನೂ ಹೇಳಿರಲಿಲ್ಲ.

ಅಷ್ಟರಲ್ಲಿ ಅವರೇ ಬಂದರು. ಹಣೆತುಂಬ ವಿಭೂತಿ, ಕೈಯಲ್ಲಿ ಮಡಚಿದ ಕಾಗದ. ಹಿರಿಯರೆಂದು ನರ್ಸು ದಾರಿ ಬಿಟ್ಟಳು. ದಿನವೂ ಹಾಗೇ ಬಿಡುತ್ತಿದ್ದಿರಬೇಕು. ನಾನು ಕಾಗದವನ್ನು ಅವರ ಕೈಯಿಂದ ತೆಗೆದುಕೊಂಡು ಬಿಚ್ಚಿದೆ. ಎರಡು ಕ್ಯಾಪ್ಸೂಲ್, ಒಂದು ಚಿಟಿಕೆ ಸಕ್ಕರೆ.

"ಯಾಕ್ರಿ ಬಾಯಿ, ನಿಮಗೂ ನಿಶ್ಶಕ್ತಿ ಏನ್ರಿ? ತಗೋರಿ, ಮನ್ಯಾಗ ಭಾಳ ಅವ" ಎಂದರು.

ಅವರ ಹಿಂದೆಯೇ ಬಂದ ಸೋಮನಾಥ ನನ್ನ ಅಂಗೈ ನೋಡಿದ. ಅವನಿಗೆ ವಿವರಿಸಬೇಕಾಗಲಿಲ್ಲ. ನನ್ನನ್ನು ಹೊರಗೆ ಕರೆದು, ಮೊದಲ ಸಲ ದನಿ ತಗ್ಗಿಸಿ ಮಾತಾಡಿದ.

"ಹೆಣ್ಮಕ್ಕಳಿಗೆ ಈ ಗುಳಗಿ ಉಷ್ಣ ಆಗ್ತದ ಅಂತ ಹೇಳಿಬಿಡ್ರಿ. ಅಪ್ಪ ಕೊಡೋದು ನಿಲ್ಲಸ್ತಾನ. ಮುಗೀತು."

ಜಾಣ ಸುಳ್ಳು, ಕೆಲಸವೂ ಆಗುತ್ತಿತ್ತು. "ನಾಳೆ ನಿಮ್ಮ ಅಂಗಡಿ ಹಮಾಲ ನಿಶ್ಶಕ್ತಿ ಅಂತಾನ, ಅವಗ ಕೊಡ್ತಾರ. ಅವಗ ಏನ್ ಆಗ್ತದ ಅಂತ ಹೇಳ್ಲಿ? ಒಳಗ ಮಲಗಿದಾಕಿ ಖಾನದಾನಿಗೆ ಹೊಲಸು ಹಚ್ಚೀರಿ, ಅದಕ್ಕೇನ್ ಹೇಳ್ಲಿ?"

"ನಮ್ಮಪ್ಪ ಎದಿ ಒಡದು ಸತ್ರ ನೀವೇ ಜವಾಬ್ದಾರಿ. ಬಿಡಂಗಿಲ್ಲ ನಾ ನಿಮಗ."

"ಆಗಲಿ. ಇಕಿ ಸತ್ರ ಯಾರು ಜವಾಬ್ದಾರಿ, ಅದನ್ನೂ ಹೇಳಿ ಹೋಗ್ರಿ."

ಅವನು ಬಾಗಿಲಿಗೆ ಅಡ್ಡ ನಿಂತ. ನಾನು ಅವನನ್ನು ಸರಿಸಿಕೊಂಡೇ ಒಳಗೆ ಹೋದೆ. ಕಾಶಪ್ಪನವರನ್ನು ಸ್ಟೂಲಿನ ಮೇಲೆ ಕೂರಿಸಿ ನಿಮ್ಮ ರೋಗ ಇದು, ಈ ಕ್ಯಾಪ್ಸೂಲ್ ಅದಕ್ಕೆ, ಆರೋಗ್ಯದ ಮಜ್ಜೆಗೆ ಇದು ಹೀಗೆ ಮಾಡುತ್ತದೆ, ಸೊಸೆಗೆ ಜ್ವರ ಬಂದದ್ದು ಇದರಿಂದಲೇ ಎಂದು ಹೇಳಿದೆ. ಕ್ಯಾನ್ಸರ್ ಎಂಬ ಶಬ್ದವನ್ನು ನುಂಗಲಿಲ್ಲ. ಎಷ್ಟು ವರ್ಷ ಬದುಕುತ್ತೇನೆ ಎಂದು ಅವರು ಕೇಳಲೇ ಇಲ್ಲ. ಬಹಳ ಹೊತ್ತು ತಮ್ಮ ಬಲಗೈ ನೋಡಿಕೊಂಡರು.

"ಇಭೂತಿ ಹಚ್ಚಿ ಕೊಟ್ಟೀನ್ರಿ ಬಾಯಿ" ಎಂದರು. ಆಮೇಲೆ ಮಗನ ಕಡೆ ತಿರುಗಿದರು. "ಸೋಮ್ಯಾ, ಸಾಯ್ತಿ ಅಂತ ಹೇಳಿದ್ರ ನಾ ಒಬ್ಬ ಸಾಯ್ತಿದ್ದೆ. ನನ್ನ ಕೈಲೆ ಸೊಸಿನ ಕೊಲ್ಲಸ್ತಿದ್ದಿಯಲ್ಲೋ."

ಜಗದೇವಿ ಕಣ್ಣು ಮುಚ್ಚಿಕೊಂಡಿದ್ದಳು, ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು. ಬಾಗಿಲಲ್ಲಿ ನಿಂತಿದ್ದ ಅವಳ ಅಣ್ಣ ಎಲ್ಲವನ್ನೂ ಕೇಳಿಸಿಕೊಂಡಿದ್ದ.

ಕ್ಯಾಪ್ಸೂಲ್ ನಿಂತ ಮೇಲೂ ಎಣಿಕೆ ಕೆಲವು ದಿನ ತಳದಲ್ಲೇ ಇತ್ತು. ಆ ದಿನಗಳಲ್ಲಿ ಅವಳನ್ನು ಸೋಂಕಿನಿಂದ ಕಾಪಾಡಿದ್ದು ಡಾ. ಜೋಶಿಯವರೇ, ಆ ಋಣ ಅವರಿಗೇ ಸಲ್ಲಬೇಕು. ನನ್ನ ಮೇಲಿನ ಮುನಿಸನ್ನು ಮಾತ್ರ ಅವರು ಬಿಡಲಿಲ್ಲ. ತಮ್ಮ ರೋಗಿಗೆ ತಮ್ಮನ್ನು ಕೇಳದೆ ಹೇಳಿದೆನೆಂದು ಎಷ್ಟೋ ಕಾಲ ಕೆಲಸದ ಮಾತಷ್ಟೇ ಆಡಿದರು. ಸೋಮನಾಥ ಟ್ರಸ್ಟಿಗೆ ದೂರು ಕೊಟ್ಟ. ಅವರು ಕರೆಸಿ ಕೇಳಿದರು, ನಡೆದದ್ದು ಹೇಳಿದೆ, ಸ್ವಲ್ಪ ಸೌಮ್ಯವಾಗಿರಿ ಎಂದು ಬುದ್ಧಿ ಹೇಳಿ ಕಳಿಸಿದರು. ಜಗದೇವಿಯ ಎಣಿಕೆ ನಾಲ್ಕು ಸಾವಿರ ದಾಟಿದ ದಿನ ಅಣ್ಣ ಅವಳನ್ನು ತವರಿಗೆ ಕರೆದೊಯ್ದ. ನನಗೆ ಕೈ ಮುಗಿದ, ಸೋಮನಾಥನ ಕಡೆ ನೋಡಲೂ ಇಲ್ಲ.

ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಕಾಶಪ್ಪನವರು ಡಬ್ಬಿ ಮುಟ್ಟುವುದನ್ನೇ ಬಿಟ್ಟರು. ಶಬ್ದಕ್ಕೆ ಹೆದರಿ ಅಲ್ಲ. ಊಟ ಚೆನ್ನಾಗಿಯೇ ಮಾಡುತ್ತಿದ್ದರು. ಈ ಕೈ ತಪ್ಪು ಮಾಡಿದೆ, ಇನ್ನು ಇದು ಗುಳಿಗೆ ಎತ್ತುವುದಿಲ್ಲ, ಜಗದೇವಿ ಬಂದು ಕೊಟ್ಟರೆ ನುಂಗುತ್ತೇನೆ ಎಂದು ಹಟ ಹಿಡಿದರು. ಮಗನ ಕೈಯಿಂದ ಒಲ್ಲೆ ಎಂದರು. ಬಿಳಿ ಕಣಗಳು ಮತ್ತೆ ಲಕ್ಷ ದಾಟಿದವು. ನಾನು ಬೈದೆ, ಜೋಶಿಯವರು ಬೇಡಿಕೊಂಡರು. ಮುದುಕ ಜಗ್ಗಲಿಲ್ಲ.

ಕೊನೆಗೆ ಸೋಮನಾಥ ತಾನೇ ಬಸವಕಲ್ಯಾಣಕ್ಕೆ ಹೋಗಿ, ರೋಗದ ಹುಡುಗಿ ಎಂದು ಕೂಗಾಡಿದ್ದವಳ ಮನೆ ಬಾಗಿಲಲ್ಲಿ ನಿಲ್ಲಬೇಕಾಯಿತು. ಅಣ್ಣ ಒಂದೇ ಷರತ್ತು ಹಾಕಿದ: ಯಾವ ಹಿರಿಯರ ಮುಂದೆ ನಮ್ಮ ರಕ್ತ ಸರಿಯಿಲ್ಲ ಎಂದೆಯೋ ಅವರ ಮುಂದೆಯೇ ಅದು ಸುಳ್ಳೆಂದು ಹೇಳು. ಸೋಮನಾಥ ಮೊಂಢಾದಲ್ಲಿ ಹೇಳಿದನಂತೆ, ತಂದೆಯ ರೋಗದ ಹೆಸರನ್ನೂ ಅಲ್ಲೇ ಹೇಳಬೇಕಾಯಿತಂತೆ. ಇದನ್ನು ಕೇಳಿ ನನಗೆ ಸಂತೋಷವಾಯಿತು. ಆಗಬಾರದಿತ್ತು ಎನ್ನುವವರಿದ್ದಾರೆ, ನನಗಂತೂ ಆಯಿತು.

ಜಗದೇವಿ ಬಂದಳು. "ಗಂಡನ ಸಲುವಾಗಿ ಬಂದಿಲ್ರಿ ಬಾಯಿ, ಮಾವನೋರ ಸಲುವಾಗಿ ಬಂದೀನಿ" ಎಂದು ನನಗೆ ಹೇಳಿದಳು. ಅವಳು ದಿನಾ ಪೂಜೆಯಾದ ಮೇಲೆ ಗುಳಿಗೆ ಎತ್ತಿಕೊಡುತ್ತಾಳೆಂದು ತಿಳಿದು ಮತ್ತೆ ನನಗೆ ಸಿಟ್ಟು ಬಂತು. ಮಕ್ಕಳಾಗಬೇಕಾದ ಹೆಣ್ಣು ಈ ಔಷಧವನ್ನು ಬರಿಗೈಲಿ ಮುಟ್ಟಬಾರದು. ಒಂದು ಚಮಚ ಬೇರೆಯೇ ತೆಗೆದಿಡು, ಅದರಲ್ಲಿ ಕೊಡು ಎಂದು ಗದರಿದೆ. ಮುಂದಿನ ತಿಂಗಳು ಕಾಶಪ್ಪನವರು ಬೆರಳು ಚಾಚಿದಾಗ ಬೆನ್ನ ಹಿಂದೆ ನಿಂತಿದ್ದವಳು ಜಗದೇವಿ. "ಎಷ್ಟಾಗ್ಯಾವ್ರಿ ಇವತ್ತು?" ಎಂದು ಅವರೇ ಎಣಿಕೆ ಕೇಳಿದರು. ನಮಗೆ ವರ್ಗವಾಗುವವರೆಗೂ ಹಾಗೇ ಬಂದರು. ಅವರು ತೀರಿಕೊಂಡ ಸುದ್ದಿಯನ್ನು ಆಮೇಲೆ ಜಗದೇವಿಯೇ ತಿಳಿಸಿದಳು. ಕೊನೆಯ ವಾರದವರೆಗೂ ಚಮಚದಲ್ಲೇ ಕೊಟ್ಟಿದ್ದಳಂತೆ.

ತೊಂಬತ್ತರ ದಶಕದ ನಡುವೆ ನಾವು ನಾಸಿಕ್‌ನಲ್ಲಿದ್ದೆವು. ಅಲ್ಲಿಯ ಆಸ್ಪತ್ರೆಗೆ ಸುರಗಾಣಾ, ಪೇಠ ಕಡೆಯ ಆದಿವಾಸಿ ಮಕ್ಕಳು ಸಿಕಲ್ ಸೆಲ್ ಕಾಯಿಲೆಯಿಂದ ಬರುತ್ತಿದ್ದರು. ಕೆಂಪು ಕಣಗಳು ಕುಡುಗೋಲಿನ ಹಾಗೆ ಬಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿ, ಮೂಳೆ ಮುರಿದಂಥ ನೋವು ಕೊಡುವ ಹುಟ್ಟುರೋಗ ಅದು. ಕಾಶಪ್ಪನವರ ಅದೇ ಹೈಡ್ರಾಕ್ಸಿಯೂರಿಯಾ ಈ ನೋವನ್ನೂ ಕಡಿಮೆ ಮಾಡುತ್ತದೆ ಎಂಬ ಸುದ್ದಿ ಆಗ ನಮ್ಮವರೆಗೂ ಬಂತು. ಔಷಧ ಶುರುಮಾಡುವಾಗ ಅಲ್ಲಿಯ ಯುವ ಡಾಕ್ಟರೊಬ್ಬರು ನನಗೆ ಹೇಳಿದರು, "ಮೇಡಂ, ಇದು ಕ್ಯಾನ್ಸರಿಗೂ ಕೊಡುವ ಔಷಧ ಎಂದು ಮಾತ್ರ ಬಾಯಿಬಿಡಬೇಡಿ. ಟಾನಿಕ್ ಅಂದರೆ ಸಾಕು. ಇಲ್ಲದಿದ್ದರೆ ಓಡಿಹೋಗುತ್ತಾರೆ."

ನಾನು ಬಾಯಿಬಿಟ್ಟೆ. ಕೆಲವರು ಓಡಿಯೂ ಹೋದರು. ಒಬ್ಬ ತಂದೆ ನನ್ನ ಮಗಳನ್ನು ಸಾಯಿಸಲು ಕೂತಿದ್ದೀರಾ ಎಂದು ಮೇಜು ಗುದ್ದಿ ಹೊರಟ. ಮಗಳಿಗೆ ಮತ್ತೆ ನೋವು ಬಂದಾಗ ತಿರುಗಿ ಬಂದು, ಮುಖ ಗಂಟಿಕ್ಕಿಕೊಂಡೇ, ಈ ಔಷಧದ ಬಗ್ಗೆ ಕೇಳಬಹುದಾದದ್ದನ್ನೆಲ್ಲ ಕೇಳಿ ತಿಳಿದುಕೊಂಡು ಒಪ್ಪಿದ. ನಾನು ಅವನನ್ನು ಕೇಳಿದ್ದು ಎರಡೇ: ಇದನ್ನು ಮನೆಯಲ್ಲಿ ಎಲ್ಲಿ ಇಡುತ್ತೀಯ, ಮನೆಯಲ್ಲಿ ಇನ್ನು ಯಾರು ನಿಶ್ಶಕ್ತರಿದ್ದಾರೆ?

ಈ ಕೆಲಸ ನನಗೆ ಕಲಿಸಿದ್ದನ್ನು ಕೇಳಿದರೆ ಇದನ್ನೇ ಹೇಳುತ್ತೇನೆ. ರೋಗಿಗೆ ಹೇಳಿದ ಸುಳ್ಳು ರೋಗಿಯ ಹತ್ತಿರವೇ ಉಳಿಯುತ್ತದೆ ಎಂದು ಎಲ್ಲರೂ ನಂಬಿಕೊಂಡಿರುತ್ತಾರೆ. ಕಾಶಪ್ಪನವರು ಜಿಪುಣರಾಗಿದ್ದರೆ ಅದು ಹಾಗೇ ಉಳಿಯುತ್ತಿತ್ತೇನೋ, ಯಾರಿಗೂ ಏನೂ ಆಗುತ್ತಿರಲಿಲ್ಲ. ಅವರು ಒಳ್ಳೆಯವರಾಗಿದ್ದರು. ಮನೆಯಲ್ಲಿದ್ದ ಎಲ್ಲಕ್ಕಿಂತ ಒಳ್ಳೆಯ ವಸ್ತು ಅದು ಎಂದು ಮಗ ನಂಬಿಸಿದ್ದ, ಅದನ್ನು ಅವರು ಸೊಸೆಗೆ ಕೊಟ್ಟರು.